ಪರಿಸರ ಅಧಿಕಾರಿ ತರಬೇತಿ: ಸಮ್ಮತಿ ಕಡತದಿಂದ ಕಾರ್ಖಾನೆ ಗೇಟಿನವರೆಗೆ

ಕಳೆದ ವಾರ ನನ್ನ ತರಬೇತಿ ಮುಗಿಯಿತು. ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೊಸದಾಗಿ ಸೇರುವ ಸಹಾಯಕ ಪರಿಸರ ಅಧಿಕಾರಿಗಳಿಗೆ ಕೊಡುವ ತರಬೇತಿ ಇದು. ಕೈಗಾರಿಕೆಗಳಿಗೆ ಸಮ್ಮತಿ, ಅಂದರೆ ಮಂಡಳಿಯ ಅನುಮತಿ, ಕೊಡುವುದು ಹೇಗೆ, ಆಮೇಲೆ ಜಾಗಕ್ಕೆ ಹೋಗಿ ತಪಾಸಣೆ ಮಾಡುವುದು ಹೇಗೆ ಅಂತ ಕಲಿಸುತ್ತಾರೆ. ಹೊರಡುವ ಮುಂಚೆ ನಾನು ಎಷ್ಟು ಜನರನ್ನು ಕೇಳಿದರೂ ಸರಿಯಾದ ಮಾಹಿತಿ ಸಿಗಲಿಲ್ಲ. ಏನು ಓದಬೇಕು, ಏನು ತೆಗೆದುಕೊಂಡು ಹೋಗಬೇಕು, ಎಲ್ಲಿ ತೊಡಕಾಗುತ್ತದೆ ಅನ್ನುವುದು ಯಾರಿಗೂ ನೆನಪಿರಲಿಲ್ಲ. ನನಗೆ ಎಲ್ಲವೂ ಇನ್ನೂ ಹಸಿಯಾಗಿ ನೆನಪಿದೆ. ಮುಂದಿನ ಬ್ಯಾಚಿನವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಕಾಯುವ ವಿಷಯ. ನೇಮಕಾತಿ ಪಟ್ಟಿ ಬಂದ ಮೇಲೆ ಸಿಂಧುತ್ವ ಪ್ರಮಾಣಪತ್ರ, ಪೊಲೀಸ್ ಪರಿಶೀಲನೆ, ವೈದ್ಯಕೀಯ ತಪಾಸಣೆ ಅಂತ ತಿಂಗಳುಗಟ್ಟಲೆ ಹೋಗುತ್ತದೆ. ಕೆಲಸಕ್ಕೆ ಹಾಜರಾದ ಮೇಲೂ ತರಬೇತಿ ಆದೇಶ ಬರುವುದಿಲ್ಲ. ನನ್ನನ್ನು ಒಂದು ಪ್ರಾದೇಶಿಕ ಕಚೇರಿಯಲ್ಲಿ ಕೂರಿಸಿ ಹಳೇ ಕಡತಗಳನ್ನು ಓದಲು ಹೇಳಿದರು. ಆ ದಿನಗಳು ಬೇಸರ ತರಿಸಿದವು ನಿಜ. ಆದರೆ ಈಗ ಅನ್ನಿಸುತ್ತದೆ, ಆ ಓದು ಇಲ್ಲದಿದ್ದರೆ ತರಬೇತಿಯ ಅರ್ಧ ಪಾಠ ನನ್ನ ತಲೆಗೆ ಹತ್ತುತ್ತಿರಲಿಲ್ಲ. ನಿಮಗೂ ಹೀಗೆ ಸಮಯ ಸಿಕ್ಕರೆ ಒಂದೇ ಕಾರ್ಖಾನೆಯ ಕಡತವನ್ನು ಮೊದಲ ಅರ್ಜಿಯಿಂದ ಕೊನೆಯ ನೋಟಿಸಿನವರೆಗೆ ಪೂರ್ತಿ ಓದಿ. ಹತ್ತು ಕಡತಗಳನ್ನು ಮೇಲೆ ಮೇಲೆ ತಿರುವಿ ಹಾಕುವುದಕ್ಕಿಂತ ಅದು ಜಾಸ್ತಿ ಕಲಿಸುತ್ತದೆ.

ಆದೇಶ ಬಂದಾಗ ಹೊರಡಲು ಹೆಚ್ಚು ಸಮಯ ಇರಲಿಲ್ಲ. ನೇಮಕಾತಿ ಆದೇಶ, ಕಾರ್ಯವರದಿ, ಗುರುತಿನ ಚೀಟಿ, ಬಿಡುಗಡೆ ಆದೇಶ, ವೈದ್ಯಕೀಯ ದೃಢೀಕರಣ, ಇವುಗಳ ನಾಲ್ಕು ನಾಲ್ಕು ಪ್ರತಿ ಇಟ್ಟುಕೊಳ್ಳಿ. ಪ್ರತಿ ಹಂತದಲ್ಲೂ ಯಾರಾದರೊಬ್ಬರು ಕೇಳುತ್ತಾರೆ. ಪ್ರಯಾಣದ ಖರ್ಚು ಮೊದಲು ನಿಮ್ಮ ಕೈಯಿಂದಲೇ ಹೋಗುತ್ತದೆ. ಬಿಲ್ಲು ಪಾಸಾಗಿ ಹಣ ಬರುವುದು ತಿಂಗಳುಗಳ ಮೇಲೆ. ಹಾಗಾಗಿ ಟಿಕೆಟ್, ವಸತಿ ರಸೀದಿ ಎಲ್ಲವನ್ನೂ ಅಂದಂದೇ ಫೋಟೊ ತೆಗೆದಿಡಿ. ಥರ್ಮಲ್ ಕಾಗದದ ರಸೀದಿ ಬಿಲ್ಲು ಹಾಕುವ ಹೊತ್ತಿಗೆ ಬಿಳಿಯಾಗಿರುತ್ತದೆ. ಹೆಲ್ಮೆಟ್, ಕನ್ನಡಕ ಅಲ್ಲೇ ಕೊಡುತ್ತಾರೆ. ಸೇಫ್ಟಿ ಶೂ ಮಾತ್ರ ನಿಮ್ಮದೇ ಅಳತೆಯದನ್ನು ಕೊಂಡುಕೊಳ್ಳಿ. ಬೇರೆಯವರ ಶೂ ಹಾಕಿಕೊಂಡು ಚಿಮಣಿ ಏಣಿ ಹತ್ತುವುದು ಅಪಾಯ.

ತರಗತಿ ಶುರುವಾದಾಗ ನಾವೆಲ್ಲ ರಸಾಯನಶಾಸ್ತ್ರದ ಪಾಠ ಬರುತ್ತದೆ ಅಂದುಕೊಂಡಿದ್ದೆವು. ಬ್ಯಾಚಿನಲ್ಲಿ ಸಿವಿಲ್, ಕೆಮಿಕಲ್, ಪರಿಸರ ಎಂಜಿನಿಯರಿಂಗ್ ಓದಿದವರೇ ಹೆಚ್ಚು. ಆದರೆ ಮೊದಲು ಕೈಗೆ ಬಂದದ್ದು ಕಾನೂನು. 1974ರ ಜಲ ಕಾಯ್ದೆ, 1981ರ ವಾಯು ಕಾಯ್ದೆ, 1986ರ ಪರಿಸರ ಸಂರಕ್ಷಣಾ ಕಾಯ್ದೆ, 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು. ಇಷ್ಟನ್ನೂ ಒಂದೇ ಉಸಿರಿಗೆ ಓದಿದರೆ ಗೊಂದಲವೇ. ನನಗೆ ಸಹಾಯವಾದ ದಾರಿ ಅಂದರೆ ಕೆಲಸದ ಪ್ರಕಾರ ಕಲಂಗಳನ್ನು ಜೋಡಿಸಿಕೊಂಡದ್ದು. ಜಲ ಕಾಯ್ದೆಯಲ್ಲಿ ಒಳಗೆ ಹೋಗುವ ಅಧಿಕಾರ ಕಲಂ 23, ಸ್ಯಾಂಪಲ್ ತೆಗೆಯುವುದು 21, ಸಮ್ಮತಿ 25, ನಿರ್ದೇಶನ ಕೊಡುವುದು 33ಎ. ವಾಯು ಕಾಯ್ದೆಯಲ್ಲಿ ಅದೇ ಕೆಲಸಗಳಿಗೆ 24, 26, 21 ಮತ್ತು 31ಎ. ಎರಡೂ ಕಾಯ್ದೆಯಲ್ಲಿ 21 ಇದೆ, ಆದರೆ ಒಂದರಲ್ಲಿ ಸ್ಯಾಂಪಲ್, ಇನ್ನೊಂದರಲ್ಲಿ ಸಮ್ಮತಿ. ನೋಟಿಸಿನಲ್ಲಿ ಇದು ಅದಲುಬದಲಾದರೆ ವಕೀಲರು ಮೊದಲು ಅದನ್ನೇ ಹಿಡಿಯುತ್ತಾರೆ.

ಬಣ್ಣದ ವರ್ಗೀಕರಣದ ಬಗ್ಗೆ ಒಂದು ಮಾತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2016ರಲ್ಲಿ ಮಾಲಿನ್ಯ ಸೂಚ್ಯಂಕದ ಮೇಲೆ ಕೈಗಾರಿಕೆಗಳನ್ನು ವಿಂಗಡಿಸಿತ್ತು. 60 ಮತ್ತು ಅದಕ್ಕಿಂತ ಹೆಚ್ಚಿದ್ದರೆ ಕೆಂಪು, 41ರಿಂದ 59 ಕಿತ್ತಳೆ, 21ರಿಂದ 40 ಹಸಿರು, 20ರವರೆಗೆ ಬಿಳಿ. 2025ರಲ್ಲಿ ಇದು ಪರಿಷ್ಕರಣೆಯಾಗಿ ನೀಲಿ ಅನ್ನುವ ವರ್ಗವೂ ಸೇರಿದೆ. ಹಿಂದಿನ ಬ್ಯಾಚಿನವರ ನೋಟ್ಸ್ ಇಟ್ಟುಕೊಂಡು ಓದುವವರು ಇದನ್ನು ಗಮನಿಸಿ. ಕಾಯ್ದೆಗಳ ದಂಡದ ಭಾಗವೂ 2023 ಮತ್ತು 2024ರ ತಿದ್ದುಪಡಿಗಳಲ್ಲಿ ಬದಲಾಗಿದೆ. ಹೊಸ ಪ್ರತಿಯನ್ನೇ ಓದಿ.

ನಿಜವಾದ ಪಾಠ ಶುರುವಾದದ್ದು ಸಮ್ಮತಿ ಅರ್ಜಿ ಕೈಗೆ ಕೊಟ್ಟಾಗ. ಕಾರ್ಖಾನೆ ಕಟ್ಟುವ ಮುಂಚೆ ಸಿಎಫ್‌ಇ, ಅಂದರೆ ಸ್ಥಾಪನಾ ಸಮ್ಮತಿ. ಉತ್ಪಾದನೆ ಶುರು ಮಾಡುವ ಮುಂಚೆ ಸಿಎಫ್‌ಒ, ಅಂದರೆ ಕಾರ್ಯಾಚರಣೆ ಸಮ್ಮತಿ. ನಮಗೆ ಅಭ್ಯಾಸಕ್ಕೆ ಕೊಟ್ಟದ್ದು ಎಲೆಕ್ಟ್ರೋಪ್ಲೇಟಿಂಗ್, ಅಂದರೆ ವಿದ್ಯುತ್ತಿನಿಂದ ಲೋಹದ ಲೇಪನ ಮಾಡುವ ಘಟಕವೊಂದರ ಅರ್ಜಿ. ಹೆಸರು ತೆಗೆದು, ಅಂಕಿಗಳನ್ನು ಬದಲಿಸಿ ಪಾಠಕ್ಕೆಂದೇ ತಯಾರಿಸಿದ್ದರು. ಬೋರ್‌ವೆಲ್ಲಿನಿಂದ ದಿನಕ್ಕೆ 25 ಕಿಲೋಲೀಟರ್ ನೀರು. ತೊಳೆಯುವ ತೊಟ್ಟಿಗಳಿಗೆ 12, ಕೂಲಿಂಗಿಗೆ 4, ಬಾಯ್ಲರಿಗೆ 3, ಕಾರ್ಮಿಕರ ಬಳಕೆಗೆ 4, ಗಿಡಗಳಿಗೆ 2. ಕೂಡಿದರೆ ಸರಿಯಾಗಿ 25. ಉತ್ಪಾದನೆಯಿಂದ ಬರುವ ತ್ಯಾಜ್ಯನೀರು 5 ಕಿಲೋಲೀಟರ್, ಅದನ್ನು ಶುದ್ಧೀಕರಿಸುವ ಘಟಕದ, ಅಂದರೆ ಇಟಿಪಿಯ, ಸಾಮರ್ಥ್ಯ 6. ನೋಡಿದರೆ ಎಲ್ಲ ಸರಿಯಾಗಿದೆ ಅನ್ನಿಸುತ್ತದೆ.

ಪಾಠ ಮಾಡುತ್ತಿದ್ದ ಮೇಡಂ ನಮ್ಮನ್ನೆಲ್ಲ ಸುಮ್ಮನೆ ನೋಡಿ ಕೇಳಿದರು: "ತೊಳೆಯೋಕೆ ಹಾಕಿದ 12 ಕಿಲೋಲೀಟರ್ ಎಲ್ಲಿ ಹೋಯ್ತು? ಪ್ಲೇಟಿಂಗ್ ಮಾಡಿದ ಬೋಲ್ಟು ನೀರು ಕುಡಿಯುತ್ತಾ?"

ತೊಳೆದ ನೀರು ಸ್ವಲ್ಪ ಆವಿಯಾಗುತ್ತದೆ, ಸ್ವಲ್ಪ ವಸ್ತುವಿನ ಜೊತೆ ಹೋಗುತ್ತದೆ. ಉಳಿದದ್ದು ಹೊರಗೆ ಬರಲೇಬೇಕು. ಬರುವುದು 11ರ ಆಸುಪಾಸು ಇದ್ದರೆ 6 ಕಿಲೋಲೀಟರ್ ಇಟಿಪಿಗೆ ಅದನ್ನು ತಡೆದುಕೊಳ್ಳಲು ಆಗುವುದಿಲ್ಲ. ಮರುಬಳಕೆ ಮಾಡುತ್ತಾರೆ ಅಂದರೆ ಆ ಯಂತ್ರ, ಆ ಪೈಪು ನಕ್ಷೆಯಲ್ಲಿ ಇರಬೇಕು. ಇರಲಿಲ್ಲ. ಅಂದಿನಿಂದ ಯಾವ ಅರ್ಜಿ ಬಂದರೂ ನಾನು ಮೊದಲು ಮಾಡುವುದು ನೀರಿನ ಲೆಕ್ಕ. ಒಳಗೆ ಬಂದದ್ದು ಎಷ್ಟು, ಹೊರಗೆ ಹೋಗುವುದು ಎಷ್ಟು, ಎಲ್ಲಿಗೆ. ಇದಕ್ಕೆ ಯಾವ ಸಾಫ್ಟ್‌ವೇರೂ ಬೇಡ, ಒಂದು ಕಾಗದ ಸಾಕು.

ಅದೇ ಅರ್ಜಿಯಲ್ಲಿ ಇನ್ನೊಂದು ವಿಷಯ ಇತ್ತು. ಕ್ರೋಮಿಯಂ ಸಾಲಿನ ನೀರು, ಸಯನೈಡ್ ಸಾಲಿನ ನೀರು ಎರಡನ್ನೂ ಒಂದೇ ತೊಟ್ಟಿಗೆ ಬಿಡುವಂತೆ ನಕ್ಷೆ ಹಾಕಿದ್ದರು. ಕ್ರೋಮಿಯಂನ ವಿಷಕಾರಿ ರೂಪವಾದ ಹೆಕ್ಸಾವೇಲೆಂಟ್ ಕ್ರೋಮಿಯಂ ತೆಗೆಯಬೇಕಾದರೆ ಮೊದಲು ಪಿಎಚ್ ಅನ್ನು 2ರಿಂದ 3ಕ್ಕೆ ಇಳಿಸಿ ಸೋಡಿಯಂ ಮೆಟಾಬೈಸಲ್ಫೈಟ್ ಹಾಕುತ್ತಾರೆ. ಹಳದಿ ನೀರು ಹಸಿರಾಗುತ್ತದೆ. ಆಮೇಲೆ ಸುಣ್ಣ ಹಾಕಿ ಪಿಎಚ್ ಏರಿಸಿ ಲೋಹವನ್ನು ಕೆಳಗೆ ಕೂರಿಸುತ್ತಾರೆ. ಸಯನೈಡ್ ಕಥೆ ಇದಕ್ಕೆ ತದ್ವಿರುದ್ಧ. ಅದನ್ನು ಪಿಎಚ್ 10ರ ಮೇಲೆ ಇಟ್ಟು ಹೈಪೋಕ್ಲೋರೈಟ್ ಹಾಕಿ ನಾಶ ಮಾಡಬೇಕು. ಸಯನೈಡ್ ಇರುವ ನೀರಿಗೆ ಆಸಿಡ್ ಬಿದ್ದರೆ ಹೈಡ್ರೋಜನ್ ಸಯನೈಡ್ ಅನಿಲ ಏಳುತ್ತದೆ. ತೊಟ್ಟಿಯ ಹತ್ತಿರ ನಿಂತಿರುವ ಆಪರೇಟರ್ ಬದುಕುವುದು ಕಷ್ಟ. ಒಂದು ನಕ್ಷೆಯ ಎರಡು ಗೆರೆ ಕೂಡಿದ್ದಕ್ಕೆ ಒಬ್ಬರ ಜೀವ ಹೋಗಬಹುದು ಅಂತ ಅರ್ಥವಾದಾಗ ತರಗತಿಯಲ್ಲಿ ಯಾರೂ ಮಾತಾಡಲಿಲ್ಲ. ಸಮ್ಮತಿ ಕೊಡುವವರು ಕಾಗದದ ಕೆಲಸ ಮಾಡುತ್ತಾರೆ ಅಷ್ಟೇ ಅನ್ನುವವರಿಗೆ ನಾನು ಈಗ ಇದನ್ನೇ ಹೇಳುತ್ತೇನೆ.

ಸಮಯದ ಒತ್ತಡವೂ ಇದೆ. ಜಲ ಕಾಯ್ದೆ 25(7)ರ ಪ್ರಕಾರ ಎಲ್ಲ ರೀತಿಯಲ್ಲೂ ಪೂರ್ಣವಾದ ಅರ್ಜಿ ಬಂದು ನಾಲ್ಕು ತಿಂಗಳಲ್ಲಿ ಮಂಡಳಿ ಏನೂ ತೀರ್ಮಾನ ಮಾಡದಿದ್ದರೆ ಸಮ್ಮತಿ ಸಿಕ್ಕಿದಂತೆಯೇ. ಹಾಗಾಗಿ ಅರ್ಜಿಯಲ್ಲಿ ಕೊರತೆ ಇದ್ದರೆ ಬೇಗ ಬರೆದು ಕೇಳಬೇಕು, ಎಲ್ಲವನ್ನೂ ಒಂದೇ ಪತ್ರದಲ್ಲಿ ಕೇಳಬೇಕು. ಇವತ್ತು ನಕ್ಷೆ, ಮುಂದಿನ ವಾರ ಬೋರ್‌ವೆಲ್ ಅನುಮತಿ ಅಂತ ಬಿಡಿ ಬಿಡಿಯಾಗಿ ಕೇಳಿದರೆ ಅರ್ಜಿದಾರರಿಗೂ ಹಿಂಸೆ, ನಮ್ಮ ದಿನವೂ ಕಳೆದುಹೋಗುತ್ತದೆ. ಅರ್ಜಿದಾರರು ಸಾಲ ಮಾಡಿ ಯಂತ್ರ ತಂದಿರುತ್ತಾರೆ, ಅವರಿಗೂ ಪ್ರತಿ ತಿಂಗಳು ಬಡ್ಡಿ ಓಡುತ್ತಿರುತ್ತದೆ ಅನ್ನುವುದನ್ನು ಮರೆಯಬಾರದು.

ಆಮೇಲೆ ಬಂತು ನನ್ನ ಮಟ್ಟಿಗೆ ಇಡೀ ತರಬೇತಿಯ ಮುಖ್ಯ ದಿನ. ನಮ್ಮನ್ನು ಒಂದು ಕಾರ್ಖಾನೆಗೆ ಕರೆದುಕೊಂಡು ಹೋಗಿ, ಅದರ ಹಳೇ ಸಮ್ಮತಿ ಆದೇಶದ ಪ್ರತಿ ಕೈಗೆ ಕೊಟ್ಟರು. "ಒಂದೊಂದು ಷರತ್ತನ್ನೂ ಓದಿ, ಪಾಲಿಸಿದ್ದಾರೋ ಇಲ್ಲವೋ ಬರೆಯಿರಿ. ಅಭಿಪ್ರಾಯ ಬೇಡ, ಹೌದು ಅಥವಾ ಇಲ್ಲ." ಇಷ್ಟೇ ಸೂಚನೆ.

ಮೊದಲ ಷರತ್ತೇ "ಸುತ್ತಲಿನವರಿಗೆ ತೊಂದರೆಯಾಗದಂತೆ ನೋಡಿಕೊಳ್ಳತಕ್ಕದ್ದು". ಇದಕ್ಕೆ ಹೌದು ಅನ್ನುವುದಾ ಇಲ್ಲ ಅನ್ನುವುದಾ? "ಸಾಕಷ್ಟು ಹಸಿರು ಪಟ್ಟಿ ಬೆಳೆಸತಕ್ಕದ್ದು" ಅಂತ ಇನ್ನೊಂದು. ಅಲ್ಲಿ ಕೆಲವು ಮರ ಇದ್ದವು. ಸಾಕಷ್ಟು ಅಂದರೆ ಎಷ್ಟು? "ಇಟಿಪಿಯನ್ನು ಸಮರ್ಪಕವಾಗಿ ನಡೆಸತಕ್ಕದ್ದು" ಅಂತ ಮತ್ತೊಂದು. ನಮ್ಮ ನಮ್ಮಲ್ಲೇ ಜಗಳ ಬಂತು. ಒಬ್ಬರು ಹೌದು ಅಂದರು, ಇನ್ನೊಬ್ಬರು ಇಲ್ಲ ಅಂದರು. ಅದೇ ಆದೇಶದಲ್ಲಿ ಒಂದು ಷರತ್ತು ಮಾತ್ರ ಯಾರಿಗೂ ಅನುಮಾನ ಬರದ ಹಾಗಿತ್ತು: 400 ಕೆವಿಎ ಜನರೇಟರಿನ ಹೊಗೆ ಕೊಳವೆ ಕಟ್ಟಡದ ಮೇಲೆ ಕನಿಷ್ಠ 4 ಮೀಟರ್ ಎತ್ತರ ಇರಬೇಕು. ಕೆವಿಎಯ ವರ್ಗಮೂಲ ತೆಗೆದು 0.2ರಿಂದ ಗುಣಿಸಿದರೆ ಬರುವ ಅಂಕಿ ಅದು. 400ರ ವರ್ಗಮೂಲ 20, ಅದರ 0.2 ಪಾಲು 4. ಅಳೆದೆವು. 2.6 ಮೀಟರ್ ಇತ್ತು. ಬರೆದೆವು: ಇಲ್ಲ. ಕಾರ್ಖಾನೆಯ ಎಂಜಿನಿಯರ್ ಕೂಡ ಒಪ್ಪಿ ಸಹಿ ಹಾಕಿದರು. ಒಂದು ಮಾತೂ ಬೆಳೆಯಲಿಲ್ಲ.

ಈ ಇಡೀ ಬರಹದಲ್ಲಿ ನಿಮಗೆ ಒಂದೇ ವಿಷಯ ನೆನಪಿಡಲು ಆಗುವುದಾದರೆ ಇದನ್ನು ನೆನಪಿಡಿ. ಸ್ಥಳದಲ್ಲಿ ಅಳೆಯಲು, ಎಣಿಸಲು ಅಥವಾ ದಾಖಲೆ ತೆಗೆಸಿ ನೋಡಲು ಆಗದ ಷರತ್ತನ್ನು ಸಮ್ಮತಿಯಲ್ಲಿ ಬರೆಯಬೇಡಿ. ಸಮರ್ಪಕವಾಗಿ ನಡೆಸಿ ಅನ್ನುವ ಬದಲು, ಇಟಿಪಿಗೆ ಬೇರೆ ವಿದ್ಯುತ್ ಮೀಟರ್ ಹಾಕಿ, ಒಳಹರಿವು ಹೊರಹರಿವು ಎರಡಕ್ಕೂ ಫ್ಲೋ ಮೀಟರ್ ಹಾಕಿ, ದಿನದ ಅಂಕಿ ಬರೆದಿಡಿ ಅನ್ನಿ. ಮುಂದೆ ಯಾವುದೋ ಅಧಿಕಾರಿ ಅದೇ ಆದೇಶ ಹಿಡಿದು ಬಿಸಿಲಲ್ಲಿ ನಿಂತಿರುತ್ತಾರೆ. ಅವರಿಗೆ ಕೆಲಸಕ್ಕೆ ಬರುವ ಹಾಗೆ ಬರೆಯಬೇಕು.

ಪ್ರಯೋಗಾಲಯದ ಭಾಗವನ್ನು ನಮ್ಮಲ್ಲಿ ಹಲವರು ಹಗುರವಾಗಿ ತೆಗೆದುಕೊಂಡರು. ಪರೀಕ್ಷೆ ಮಾಡುವವರು ಬೇರೆ, ನಾವು ಬಾಟಲಿ ತುಂಬಿ ಕೊಡುವವರು ಅಷ್ಟೇ ಅನ್ನುವ ಭಾವನೆ. ಅಲ್ಲಿನ ಹಿರಿಯ ವಿಜ್ಞಾನಿ ಮೇಡಂ ಮೇಜಿನ ಮೇಲೆ ಬಾಟಲಿಗಳನ್ನು ಸಾಲಾಗಿ ಇಟ್ಟು ತೋರಿಸಿದರು. ಎಣ್ಣೆ ಮತ್ತು ಗ್ರೀಸಿಗೆ ಗಾಜಿನ ಬಾಟಲಿಯೇ ಬೇಕು, ಪ್ಲಾಸ್ಟಿಕ್ಕಿಗೆ ಎಣ್ಣೆ ಅಂಟಿಕೊಳ್ಳುತ್ತದೆ. ಅದನ್ನು ಅದೇ ನೀರಿನಿಂದ ತೊಳೆಯಲೂ ಬಾರದು. ಸ್ಯಾಂಪಲ್ ಕೆಡದಂತೆ ಲೋಹಗಳ ಪರೀಕ್ಷೆಗೆ ನೈಟ್ರಿಕ್ ಆಸಿಡ್ ಹಾಕಬೇಕು, ಸಿಒಡಿಗೆ (ನೀರಿನ ಕೊಳೆಯನ್ನು ರಾಸಾಯನಿಕವಾಗಿ ಕರಗಿಸಲು ಬೇಕಾದ ಆಮ್ಲಜನಕದ ಅಳತೆ) ಸಲ್ಫ್ಯೂರಿಕ್ ಆಸಿಡ್. ಬಿಒಡಿಗೆ (ಆ ಕೊಳೆಯನ್ನು ತಿನ್ನಲು ಸೂಕ್ಷ್ಮಜೀವಿಗಳಿಗೆ ಬೇಕಾದ ಆಮ್ಲಜನಕದ ಅಳತೆ) ಯಾವ ಆಸಿಡ್ಡೂ ಇಲ್ಲ, ಐಸ್ ಪೆಟ್ಟಿಗೆಯಲ್ಲಿ ತಣ್ಣಗಿಟ್ಟು ಬೇಗ ತರಬೇಕು. ಆಸಿಡ್ ಬಿದ್ದರೆ ಅದರಲ್ಲಿರುವ ಸೂಕ್ಷ್ಮಜೀವಿಗಳು ಸತ್ತು ಅಂಕಿ ಸುಳ್ಳಾಗುತ್ತದೆ. ನಮ್ಮಲ್ಲಿ ಬಿಒಡಿಯನ್ನು 27 ಡಿಗ್ರಿಯಲ್ಲಿ ಮೂರು ದಿನ ಇಟ್ಟು ನೋಡುತ್ತಾರೆ. ಗುರುವಾರ ಇಟ್ಟರೆ ಭಾನುವಾರ ತೆಗೆಯಬೇಕು! ಹಾಗಾಗಿ ತಪಾಸಣೆಗೆ ಹೊರಡುವ ಮುಂಚೆ ಲ್ಯಾಬಿಗೆ ಒಂದು ಫೋನ್ ಮಾಡಿ. ಅವರ ಇನ್‌ಕ್ಯುಬೇಟರಿನಲ್ಲಿ ಜಾಗ ಇದೆಯಾ, ಯಾವ ದಿನ ಅನುಕೂಲ ಅಂತ ಕೇಳಿ. ಇಷ್ಟು ಮಾಡಿದರೆ ಅವರೂ ನಿಮ್ಮ ಸ್ಯಾಂಪಲ್ಲನ್ನು ಪ್ರೀತಿಯಿಂದ ನೋಡುತ್ತಾರೆ.

ಕಾರ್ಖಾನೆ ಗೇಟಿನ ಅನುಭವ ಬೇರೆಯೇ. ಒಂದು ಕಡೆ ಗುರುತಿನ ಚೀಟಿ ತೋರಿಸಿದರೂ ತುಂಬಾ ಹೊತ್ತು ಹೊರಗೇ ನಿಲ್ಲಿಸಿದರು. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಅಂದರು. ನನಗೆ ಸಿಟ್ಟು ಬರುತ್ತಿತ್ತು, ಅವಮಾನವೂ ಆಗಿತ್ತು. ನಮ್ಮ ಜೊತೆ ಇದ್ದ ಹಿರಿಯ ಅಧಿಕಾರಿ ಮಾತ್ರ ಶಾಂತವಾಗಿದ್ದರು. ಬಂದ ಸಮಯ, ಮಾತಾಡಿದ ಸಿಬ್ಬಂದಿಯ ಹುದ್ದೆ, ಅವರು ಕೊಟ್ಟ ಉತ್ತರ, ಎಲ್ಲವನ್ನೂ ಪುಸ್ತಕದಲ್ಲಿ ಬರೆದರು. ಗೇಟಿನ ಹೊರಗಿನಿಂದಲೇ ಚಿಮಣಿಯ ಹೊಗೆ, ಮಳೆನೀರಿನ ಚರಂಡಿ, ಗೋಡೆಯ ಆಚೆ ಹೋಗುವ ಪೈಪು ನೋಡಿದರು. "ಕಾಯೋ ಹೊತ್ತನ್ನ ವೇಸ್ಟ್ ಮಾಡಬೇಡಿ ಮೇಡಂ. ಮಳೆ ಇಲ್ಲದ ದಿನ ಮಳೆನೀರಿನ ಚರಂಡಿ ಹರೀತಿದ್ರೆ ಅದೇ ಮೊದಲ ಪ್ರಶ್ನೆ" ಅಂದರು. ಹಾಳೆ ಹಾಳೆಯ ಪ್ಯಾಡ್ ಬೇಡ, ಹೊಲಿದ ಪುಸ್ತಕ, ಪುಟಕ್ಕೆ ಸಂಖ್ಯೆ ಹಾಕಿದ್ದು ಇಟ್ಟುಕೊಳ್ಳಿ. ಜೊತೆಗೆ ಟಾರ್ಚು, ಅಳತೆ ಟೇಪು, ಪಿಎಚ್ ಕಾಗದ, ಒಂದು ಜೊತೆ ಹೆಚ್ಚುವರಿ ಗ್ಲೌಸು.

ಹೆಣ್ಣುಮಕ್ಕಳಿಗೆ ಒಂದು ಮಾತು. ದುಪಟ್ಟಾ, ಸಡಿಲ ತೋಳಿನ ಬಟ್ಟೆ ಯಂತ್ರಗಳ ಹತ್ತಿರ ಬೇಡವೇ ಬೇಡ. ಹತ್ತಿ ಬಟ್ಟೆ ಹಾಕಿಕೊಳ್ಳಿ, ಕೂದಲು ಕಟ್ಟಿ ಹೆಲ್ಮೆಟ್ಟಿನೊಳಗೆ ಸೇರಿಸಿ. ಎಷ್ಟೋ ಘಟಕಗಳಲ್ಲಿ ಮಹಿಳೆಯರಿಗೆ ಶೌಚಾಲಯ ಇರುವುದಿಲ್ಲ. ದಿನದ ದಾರಿಯನ್ನು ಅದಕ್ಕೆ ತಕ್ಕಂತೆ ಮೊದಲೇ ಯೋಚಿಸಿ ಇಟ್ಟುಕೊಳ್ಳಿ. ನೀರು ಕುಡಿಯದೆ ಇರುವುದು ಪರಿಹಾರ ಅಲ್ಲ. ಬಿಸಿಲಲ್ಲಿ ಚಿಮಣಿ ಹತ್ತುವಾಗ ತಲೆ ಸುತ್ತುತ್ತದೆ.

ಚಿಮಣಿ ಹತ್ತುವುದು ನನಗೆ ಭಯದ ಕೆಲಸವಾಗಿತ್ತು. ಸೇಫ್ಟಿ ಬೆಲ್ಟ್ ಇಲ್ಲದೆ, ಏಣಿಗೆ ಸುತ್ತ ಕಂಬಿ ಇಲ್ಲದೆ ಹತ್ತಬೇಡಿ ಅಂತ ಕಟ್ಟುನಿಟ್ಟಾಗಿ ಹೇಳಿದ್ದರು. ಇಲ್ಲ ಅಂತ ಹೇಳುವ ಹಕ್ಕು ನಿಮಗಿದೆ. ಮೇಲೆ ಹೋದರೆ ಮೊದಲು ನೋಡಬೇಕಾದದ್ದು ಸ್ಯಾಂಪಲ್ ತೆಗೆಯುವ ರಂಧ್ರ ಸರಿಯಾದ ಕಡೆ ಇದೆಯಾ ಅಂತ. ಕೊಳವೆ ತಿರುಗಿದ ಜಾಗದಿಂದ ವ್ಯಾಸದ ಎಂಟು ಪಟ್ಟು ಮೇಲೆ, ಚಿಮಣಿಯ ಬಾಯಿಯಿಂದ ಎರಡು ಪಟ್ಟು ಕೆಳಗೆ ಇರಬೇಕು. ಅರ್ಧ ಮೀಟರ್ ವ್ಯಾಸದ ಚಿಮಣಿಗೆ 4 ಮೀಟರ್ ಮತ್ತು 1 ಮೀಟರ್. ಒಳಗೆ ಹೊಗೆ ಹೋಗುವ ವೇಗದಲ್ಲೇ ನಮ್ಮ ನಳಿಕೆ ಹೀರಬೇಕು, ಇದನ್ನು ಐಸೋಕೈನೆಟಿಕ್ ಅನ್ನುತ್ತಾರೆ. ನಿಧಾನವಾಗಿ ಹೀರಿದರೆ ದಪ್ಪ ಕಣಗಳು ತಮ್ಮ ವೇಗಕ್ಕೆ ನಳಿಕೆಯೊಳಗೇ ನುಗ್ಗಿ ದೂಳಿನ ಅಂಕಿ ಇರುವುದಕ್ಕಿಂತ ಹೆಚ್ಚು ಬರುತ್ತದೆ. ಜೋರಾಗಿ ಹೀರಿದರೆ ಕಡಿಮೆ ಬರುತ್ತದೆ. ಅಂದರೆ ಕೈತಪ್ಪಿನಿಂದ ತಪ್ಪಿಲ್ಲದವರಿಗೆ ನೋಟಿಸ್ ಹೋಗಬಹುದು, ತಪ್ಪಿದ್ದವರು ಪಾರಾಗಬಹುದು. ಹೊಗೆಯ ವೇಗ ಅಳೆಯುವ ಪಿಟಾಟ್ ಟ್ಯೂಬ್ ಹಿಡಿಯುವುದನ್ನು ಕೈಗೆ ಒಗ್ಗುವವರೆಗೂ ಕೇಳಿ ಕೇಳಿ ಅಭ್ಯಾಸ ಮಾಡಿ.

ಇಟಿಪಿ ಹತ್ತಿರ ಇನ್ನೊಂದು ಎಚ್ಚರ. ಮುಚ್ಚಿದ ತೊಟ್ಟಿ, ಸಂಪು, ಮ್ಯಾನ್‌ಹೋಲ್ ಒಳಗೆ ತಲೆ ಬಗ್ಗಿಸಬೇಡಿ. ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯ ವಾಸನೆ ಕೊಡುತ್ತದೆ. 100 ಪಿಪಿಎಂ ಆಸುಪಾಸು ತಲುಪಿದರೆ ಮೂಗು ಆ ವಾಸನೆಯನ್ನೇ ಗುರುತಿಸುವುದಿಲ್ಲ. ವಾಸನೆ ಹೋಯಿತು, ಇನ್ನೇನೂ ಇಲ್ಲ ಅಂದುಕೊಂಡು ಇಳಿದವರು ಮೇಲೆ ಬರುವುದಿಲ್ಲ. ಅನಿಲ ಅಳೆಯುವ ಯಂತ್ರ ಇಲ್ಲದಿದ್ದರೆ ಹೊರಗಿನಿಂದಲೇ ನೋಡಿ.

ಒಂದು ಘಟಕದಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಲಾಗ್ ಪುಸ್ತಕದ ಪ್ರಕಾರ ಗಾಳಿ ಊದುವ ಬ್ಲೋವರ್ ಪ್ರತಿದಿನ 20 ಗಂಟೆ ಓಡುತ್ತಿತ್ತು. 10 ಎಚ್‌ಪಿ ಮೋಟಾರ್, ಅಂದರೆ ಸುಮಾರು 7.5 ಕಿಲೋವ್ಯಾಟ್. ದಿನಕ್ಕೆ 150 ಯೂನಿಟ್, ತಿಂಗಳಿಗೆ 4,500. ಇಟಿಪಿಯ ಮೀಟರಿನಲ್ಲಿ ತಿಂಗಳ ವ್ಯತ್ಯಾಸ 1,300ರ ಹತ್ತಿರ. ನಮ್ಮಲ್ಲಿ ಒಬ್ಬರು ಅಲ್ಲೇ ಜೋರಾಗಿ, ಸುಳ್ಳು ಬರೆದಿದ್ದೀರಿ ಅಂದರು. ಹಿರಿಯರು ತಡೆದು, ಸೂಪರ್‌ವೈಸರನ್ನು ಪಕ್ಕಕ್ಕೆ ಕರೆದು ಕೇಳಿದರು, "ಏನಾಯ್ತಪ್ಪಾ?" ಆತ ಒಳಗೆ ಹೋಗಿ ಮೋಟಾರ್ ರಿವೈಂಡಿಂಗ್ ಮಾಡಿಸಿದ ಬಿಲ್ಲು ತಂದ. ಮೋಟಾರ್ ಸುಟ್ಟು ವಾರಗಟ್ಟಲೆ ನಿಂತಿತ್ತು. ಮ್ಯಾನೇಜರ್ ಬೈಯುತ್ತಾರೆ ಅಂತ ಲಾಗ್ ಮಾತ್ರ ಮಾಮೂಲಿನಂತೆ ತುಂಬಿದ್ದ. ಆ ದಿನಗಳಲ್ಲೂ ಉತ್ಪಾದನೆ ನಿಂತಿರಲಿಲ್ಲ. ನಾವು ಎಲ್ಲವನ್ನೂ ಬರೆದೆವು: ಮೀಟರ್ ಅಂಕಿ, ಬಿಲ್ಲಿನ ದಿನಾಂಕ, ಬದಲಿ ಬ್ಲೋವರ್ ಇಲ್ಲದಿರುವುದು, ಅದೇ ದಿನಗಳ ಉತ್ಪಾದನೆ. ಗಾಳಿ ತೊಟ್ಟಿಯ ನೀರನ್ನು ಒಂದು ಲೀಟರ್ ಸಿಲಿಂಡರಿಗೆ ತುಂಬಿ ಅರ್ಧ ಗಂಟೆ ಬಿಟ್ಟೆವು. ಆರೋಗ್ಯವಾಗಿರುವ ಸ್ಲಡ್ಜ್, ಅಂದರೆ ಕೊಳೆ ತಿನ್ನುವ ಸೂಕ್ಷ್ಮಜೀವಿಗಳ ಕೆಸರು, ಕಂದು ಬಣ್ಣದ ಮೋಡದ ಹಾಗೆ ಒಟ್ಟಾಗಿ ಕೆಳಗೆ ಕೂರುತ್ತದೆ, ಮೇಲೆ ತಿಳಿನೀರು ನಿಲ್ಲುತ್ತದೆ. ಇಲ್ಲಿ ಅರ್ಧ ಗಂಟೆಯಾದರೂ ಕಪ್ಪು ನೀರು ಕದಡಿಕೊಂಡೇ ಇತ್ತು. ಯಾರೂ ಏನೂ ವಾದ ಮಾಡಬೇಕಾಗಲಿಲ್ಲ. ಮ್ಯಾನೇಜರ್ ಸಿಲಿಂಡರನ್ನೇ ನೋಡುತ್ತಾ ನಿಂತರು.

ಆ ದಿನ ತೆಗೆದ ಸ್ಯಾಂಪಲ್ಲಿಗೆ ಜಲ ಕಾಯ್ದೆಯ ಕಲಂ 21ರ ವಿಧಾನವನ್ನು ಮೊದಲ ಸಲ ಪೂರ್ತಿ ಪಾಲಿಸಿದೆವು. ಪರೀಕ್ಷೆಗೆ ಕಳಿಸುತ್ತೇವೆ ಅಂತ ಅಲ್ಲೇ ಲಿಖಿತ ನೋಟಿಸ್ ಕೊಡಬೇಕು. ಸ್ಯಾಂಪಲ್ಲನ್ನು ಎರಡು ಪಾಲು ಮಾಡಿಸಿಕೊಳ್ಳಬಹುದು ಅಂತ ಕಾರ್ಖಾನೆಯವರಿಗೆ ತಿಳಿಸಬೇಕು. ಅವರ ಎದುರೇ ಗುರುತು ಹಾಕಿ, ಅರಗು ಮುದ್ರೆ ಒತ್ತಿ, ಇಬ್ಬರೂ ಸಹಿ ಹಾಕಬೇಕು. ಬೇಕಂತಲೇ ಅವರು ಅಲ್ಲಿಂದ ಹೋದರೆ ನಾವೊಬ್ಬರೇ ಸಹಿ ಹಾಕಿ ಕಳಿಸಬಹುದು, ಆದರೆ ಆ ವಿಷಯವನ್ನು ವಿಶ್ಲೇಷಕರಿಗೆ ಲಿಖಿತವಾಗಿ ತಿಳಿಸಬೇಕು. ಇದರಲ್ಲಿ ಒಂದು ಹೆಜ್ಜೆ ತಪ್ಪಿದರೂ ವರದಿ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ದೆಹಲಿ ಹೈಕೋರ್ಟ್ 1986ರಲ್ಲೇ ಇಂಥ ಕಾರಣಕ್ಕೆ ಒಂದು ವಿಶ್ಲೇಷಣಾ ವರದಿಯನ್ನು ಸಾಕ್ಷಿಯಾಗಿ ಒಪ್ಪಿರಲಿಲ್ಲ. ಆಮೇಲೆ ನಡೆದ ಅಣಕು ನ್ಯಾಯಾಲಯದಲ್ಲಿ ವಕೀಲರಾಗಿ ಬಂದವರು ನೀರಿನಲ್ಲಿ ಎಷ್ಟು ಮಾಲಿನ್ಯ ಇತ್ತು ಅಂತ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮುದ್ರೆ ಯಾರ ಹತ್ತಿರ ಇತ್ತು, ಐಸ್ ಪೆಟ್ಟಿಗೆ ಲ್ಯಾಬಿಗೆ ಎಷ್ಟು ಗಂಟೆಗೆ ತಲುಪಿತು, ಯಾರು ಇಳಿಸಿಕೊಂಡರು, ಇದೇ ಪ್ರಶ್ನೆಗಳು.

ನನ್ನ ಮನಸ್ಸಿಗೆ ತುಂಬಾ ತಟ್ಟಿದ್ದು ಇನ್ನೊಂದು ಜಾಗ. ತಪಾಸಣೆ ಮುಗಿಸಿ ಹೊರಬಂದಾಗ ಪಕ್ಕದ ಹೊಲದವರು ಕಾಯುತ್ತಿದ್ದರು. ವಯಸ್ಸಾದ ಅಜ್ಜಿಯೊಬ್ಬರು ಪ್ಲಾಸ್ಟಿಕ್ ಬಾಟಲಿಯಲ್ಲಿ ಬಾವಿನೀರು ಹಿಡಿದಿದ್ದರು. ಹಳದಿ ಬಣ್ಣ ಕಣ್ಣಿಗೇ ಕಾಣುತ್ತಿತ್ತು. "ಇದನ್ನ ತಗೊಂಡ್ ಹೋಗಿ ನೋಡವ್ವಾ" ಅಂದರು. ಅವರು ತುಂಬಿದ ಬಾಟಲಿ ಸಾಕ್ಷಿಯಾಗುವುದಿಲ್ಲ. ಆದರೆ ಆಗುವುದಿಲ್ಲ ಅಂತ ಹೇಳಿ ಜೀಪು ಹತ್ತುವುದು ಸರಿಯಲ್ಲ. ನಮ್ಮ ಹಿರಿಯರು ದೂರನ್ನು ಬರೆಸಿಕೊಂಡು ಅಜ್ಜಿಯ ಹೆಬ್ಬೆಟ್ಟು ತೆಗೆದುಕೊಂಡರು. ಬಾವಿಯವರೆಗೂ ನಡೆದು, ಕಾರ್ಖಾನೆ ಗೋಡೆಯಿಂದ ದೂರ ಅಳೆದು, ಜಿಪಿಎಸ್ ಗುರುತು ಹಾಕಿ, ನಮ್ಮ ಬಾಟಲಿಯಲ್ಲೇ ನೀರು ತುಂಬಿದರು. ಎತ್ತರದ ಕಡೆ ಇರುವ ಇನ್ನೊಂದು ಬಾವಿಯಿಂದಲೂ ತೆಗೆದರು. ಎರಡನ್ನೂ ಹೋಲಿಸಿದರೆ ತಾನೇ ಕಾರ್ಖಾನೆಯಿಂದ ಬಂದದ್ದೋ ಅಲ್ಲವೋ ಹೇಳಲು ಆಗುವುದು? ಊರವರು ಇವತ್ತೇ ಬೀಗ ಹಾಕಿ ಅಂತ ಕೇಳಿದರು. 33ಎ ಅಡಿ ಮುಚ್ಚಲು ಆದೇಶ ಕೊಡುವ ಮುಂಚೆ ಸಾಮಾನ್ಯವಾಗಿ ಉತ್ತರ ಕೊಡಲು ಕನಿಷ್ಠ 15 ದಿನ ಬಿಡಬೇಕು ಅಂತ ವಿವರಿಸುವಾಗ ನನ್ನ ಗಂಟಲು ಕಟ್ಟಿತ್ತು. ಆ 15 ದಿನವೂ ಅವರು ಅದೇ ನೀರನ್ನು ನೋಡುತ್ತಿರಬೇಕು. ನಿಯಮ ಯಾಕೆ ಇದೆ ಅಂತ ನನಗೆ ಗೊತ್ತು, ಕಾರ್ಖಾನೆಯ ಕಾರ್ಮಿಕರ ಸಂಬಳವೂ ಅದರಲ್ಲಿದೆ. ಆದರೂ ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕುಡಿಯುವ ನೀರಿಗೆ ಬೇರೆ ವ್ಯವಸ್ಥೆ ಮಾಡಿಸಿ ಅಂತ ತಹಶೀಲ್ದಾರರಿಗೆ ಮರುದಿನವೇ ಪತ್ರ ಹೋಯಿತು. ಇಂಥ ಪತ್ರ ಬರೆಯುವುದೂ ನಮ್ಮ ಕೆಲಸ ಅಂತ ಪಾಠದಲ್ಲಿ ಎಲ್ಲೂ ಬಂದಿರಲಿಲ್ಲ.

ಕೊನೆಯ ಮೌಲ್ಯಮಾಪನದಲ್ಲಿ ಒಂದು ತಪಾಸಣಾ ವರದಿ, ಒಂದು ಸಮ್ಮತಿ ಆದೇಶದ ಕರಡು, ಆಮೇಲೆ ಮೌಖಿಕ ಪರೀಕ್ಷೆ. ವರದಿಯಲ್ಲಿ "ಕಂಡುಬಂದಿದೆ" ಅಂತ ಬರೆದ ಪ್ರತಿ ವಾಕ್ಯಕ್ಕೂ ಫೋಟೊ ಸಂಖ್ಯೆ ಅಥವಾ ದಾಖಲೆಯ ಪುಟ ಕೇಳುತ್ತಾರೆ. ಕರಡು ಆದೇಶದ ಪ್ರತಿ ಷರತ್ತಿಗೂ "ಇದನ್ನು ಹೇಗೆ ಪರಿಶೀಲಿಸುತ್ತೀರಿ?" ಅಂತ ಕೇಳುತ್ತಾರೆ. ಮೌಖಿಕದಲ್ಲಿ ಮಾನದಂಡಗಳ ಅಂಕಿ ಬಾಯಿಪಾಠ ಬೇಕು. ಹೊಳೆಗೆ ಬಿಡುವ ನೀರಿನ ಸಾಮಾನ್ಯ ಮಿತಿಗಳಾದ ಬಿಒಡಿ 30, ಸಿಒಡಿ 250, ತೇಲುವ ಕಣ 100, ಎಣ್ಣೆ ಮತ್ತು ಗ್ರೀಸ್ 10, ಎಲ್ಲವೂ ಲೀಟರಿಗೆ ಮಿಲಿಗ್ರಾಂನಲ್ಲಿ. ಪಿಎಚ್ 5.5ರಿಂದ 9. ಹೆಕ್ಸಾವೇಲೆಂಟ್ ಕ್ರೋಮಿಯಂ 0.1. ದಿನಾಂಕಗಳನ್ನೂ ಕೇಳುತ್ತಾರೆ: ಅಪಾಯಕಾರಿ ತ್ಯಾಜ್ಯದ ವಾರ್ಷಿಕ ವಿವರ ಜೂನ್ 30ರೊಳಗೆ, ಪರಿಸರ ಲೆಕ್ಕಪತ್ರ ಸೆಪ್ಟೆಂಬರ್ 30ರೊಳಗೆ, ಅಪಾಯಕಾರಿ ತ್ಯಾಜ್ಯವನ್ನು ಆವರಣದಲ್ಲಿ ಇಡಬಹುದಾದದ್ದು ಸಾಮಾನ್ಯವಾಗಿ 90 ದಿನ.

ಮುಗಿದ ಮೇಲೆ ಪ್ರಮಾಣಪತ್ರದ ಮೂಲ ಪ್ರತಿಯನ್ನು ಅಲ್ಲಿಂದಲೇ ಕೇಳಿ ತೆಗೆದುಕೊಳ್ಳಿ. ಅಂಚೆಯಲ್ಲಿ ಬರುತ್ತದೆ ಅಂತ ಬಿಟ್ಟರೆ ಸೇವಾ ಪುಸ್ತಕದಲ್ಲಿ ನಮೂದಾಗಲು ತಡವಾಗುತ್ತದೆ. ಪ್ರಯಾಣ ಭತ್ಯೆಯ ಬಿಲ್ಲಿಗೆ ಹಾಜರಾತಿ ದೃಢೀಕರಣವೂ ಬೇಕು, ಅದನ್ನೂ ಜೊತೆಯಲ್ಲೇ ಪಡೆಯಿರಿ. ಸಮ್ಮತಿ ಅರ್ಜಿಗಳು ಬರುವ ಪೋರ್ಟಲಿನ ಲಾಗಿನ್ ಸಿಗಲು ಮೊಬೈಲ್ ಸಂಖ್ಯೆ ಜೋಡಣೆಯಾಗಿರಬೇಕು. ನನ್ನದು ಇದರಿಂದಲೇ ನಿಂತಿತ್ತು, ಕಚೇರಿಯಿಂದ ಪತ್ರ ಹಾಕಿಸಿದ ಮೇಲೆ ಸರಿಹೋಯಿತು.

ಈಗ ನನ್ನ ಲಾಗಿನ್ನಿಗೆ ಮೊದಲ ಅರ್ಜಿ ಬಂದಿದೆ. ಗ್ಯಾಲ್ವನೈಸಿಂಗ್, ಅಂದರೆ ಕಬ್ಬಿಣಕ್ಕೆ ಸತುವಿನ ಲೇಪನ ಮಾಡುವ ಘಟಕವೊಂದರ ಸಿಎಫ್‌ಒ ನವೀಕರಣ. ಆಸಿಡ್ ಖರೀದಿಯ ಲೆಕ್ಕಕ್ಕೂ, ಬಳಸಿದ ಆಸಿಡ್ ಹೊರಗೆ ಕಳಿಸಿದ ನಮೂನೆ 10ರ ಮ್ಯಾನಿಫೆಸ್ಟುಗಳಿಗೂ (ಅಪಾಯಕಾರಿ ತ್ಯಾಜ್ಯ ಸಾಗಿಸುವಾಗ ಜೊತೆಗಿರುವ ಚೀಟಿ) ತಾಳೆಯಾಗುತ್ತಿಲ್ಲ. ಬೇಕಾದ ಎಲ್ಲ ದಾಖಲೆಗಳನ್ನೂ ಒಂದೇ ಪತ್ರದಲ್ಲಿ ಕೇಳಿದ್ದೇನೆ. ಮುಂದಿನ ಸೋಮವಾರ ಸ್ಥಳ ತಪಾಸಣೆ, ಲ್ಯಾಬಿಗೆ ಆಗಲೇ ಫೋನ್ ಮಾಡಿ ಹೇಳಿದ್ದೇನೆ.